ನಾಯಿ, ಬೆಕ್ಕುಗಳ ಕೀಲುನೋವು: ಗುರುತಿಸಲು ಕಲಿತ ಕಥೆ

ನಿಮ್ಮ ಮನೆಯ ನಾಯಿಗೆ ಹತ್ತು ವರ್ಷವಾಗಿದೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಎದ್ದಾಗ ನಾಲ್ಕು ಹೆಜ್ಜೆ ಬಿಗಿಯಾಗಿ ಇಡುತ್ತದೆ, ಆಮೇಲೆ ಸರಿಹೋಗುತ್ತದೆ. ಅಟ್ಟಕ್ಕೆ ಹಾರುತ್ತಿದ್ದ ಬೆಕ್ಕು ಈಗ ಮೂಲೆ ಹಿಡಿದು ಮಲಗುತ್ತದೆ. ‘ವಯಸ್ಸಾಯಿತು’ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ವಯಸ್ಸು ರೋಗವಲ್ಲ. ಇದು ಸಂಧಿವಾತ ಇರಬಹುದು.

ಎರಡು ಮೂಳೆಗಳು ಸೇರುವ ಕಡೆ ಅವುಗಳ ತುದಿಗೆ ಮೃದ್ವಸ್ಥಿಯ ನುಣುಪಾದ ಹೊದಿಕೆ ಇರುತ್ತದೆ. ನಡುವೆ ಜಿಗುಟಾದ ದ್ರವವಿದೆ. ಹೀಗಾಗಿ ಆರೋಗ್ಯವಂತ ಕೀಲಿನಲ್ಲಿ ಘರ್ಷಣೆ ಅತ್ಯಲ್ಪ. ಹೊದಿಕೆ ಸವೆದರೆ ಕೀಲು ಊದುತ್ತದೆ, ಅಂಚುಗಳಲ್ಲಿ ಮೂಳೆ ಮುಳ್ಳಿನಂತೆ ಬೆಳೆಯುತ್ತದೆ, ನೋವಾಗುತ್ತದೆ. ಮಾತು ಬಾರದ ಪ್ರಾಣಿಯಲ್ಲಿ ಈ ನೋವನ್ನು ತಿಳಿಯುವುದು ಹೇಗೆ?

ಎತ್ತಿನ ನಡಿಗೆ ಹೇಳಿದ್ದು

ಇದಕ್ಕೆ ಹಳೆಯ ಸಾಧನ ರೈತನ ಕಣ್ಣು. ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಉಳುವ ಎತ್ತುಗಳು ಕೀಲು ಬಿಗಿದು ನಡೆಯಲಾರದೆ ನಿಲ್ಲುವುದನ್ನು ರೈತರು ಕಂಡಿದ್ದರು. ಅದೇ ಸೀಮೆಯ ಜನರಲ್ಲೂ ಬೆನ್ನು, ಕೀಲು ಬಿಗಿಯುವ ರೋಗವಿತ್ತು. ಅದು ಕುಡಿಯುವ ನೀರಿನ ಫ್ಲೋರೈಡಿನಿಂದ ಬರುವ ಫ್ಲೋರೋಸಿಸ್ ಎಂದು 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ಪ್ರಕಟಿಸಿದರು.

ಈ ಕಥೆ ನಮಗೆ ದೂರದ್ದಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಬಯಲಿನಲ್ಲಿ ಕೊಳವೆಬಾವಿಯನ್ನು ನೆಚ್ಚಿದ ಹಳ್ಳಿಗಳು ಬಹಳ. ಗಟ್ಟಿ ಶಿಲೆಗಳ ಸಂದಿಯಲ್ಲಿ ಬಹುಕಾಲ ನಿಂತ ನೀರು ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಜಿಲ್ಲೆಯ ಹಲವೆಡೆ ಅದರ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಫ್ಲೋರೋಸಿಸ್ ಮತ್ತು ಸಂಧಿವಾತ ಒಂದೇ ಅಲ್ಲ. ಮೊದಲನೆಯದರಲ್ಲಿ ಮೂಳೆ ದಪ್ಪವಾಗಿ ಕಟ್ಟುನಾರುಗಳಲ್ಲಿ ಸುಣ್ಣ ಸೇರುತ್ತದೆ. ಎರಡನೆಯದರಲ್ಲಿ ಮೃದ್ವಸ್ಥಿ ಸವೆಯುತ್ತದೆ. ಹೊರಗೆ ಕಾಣುವ ಬಿಗಿತ ಮಾತ್ರ ಎರಡರಲ್ಲೂ ಒಂದೇ ಬಗೆಯದು. ಬರಿಗಣ್ಣಿನ ಮಿತಿ ಇಲ್ಲಿದೆ.

ಎಕ್ಸ್-ಕಿರಣ ತೋರಿಸಿದ್ದು

ಈ ಮಿತಿಯನ್ನು ದಾಟಿಸಿದ್ದು ಭೌತವಿಜ್ಞಾನ. 1895ರ ನವೆಂಬರಿನಲ್ಲಿ ರಾಂಟ್‌ಜನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದರು. ಡಿಸೆಂಬರಿನಲ್ಲಿ ಹೆಂಡತಿಯ ಕೈಮೂಳೆಗಳ ಚಿತ್ರ ತೆಗೆದರು. ಪಶುವೈದ್ಯರೂ ಈ ಸಾಧನವನ್ನು ಬೇಗ ಕೈಗೆತ್ತಿಕೊಂಡರು. 1935ರಲ್ಲಿ ಅಮೆರಿಕದ ಪಶುವೈದ್ಯ ಶ್ನೆಲ್ ನಾಯಿಗಳ ಸೊಂಟದ ಕೀಲು ಸರಿಯಾಗಿ ಕೂಡದಿರುವ ದೋಷವನ್ನು ವಿವರಿಸಿದರು. ದೊಡ್ಡ ತಳಿಗಳಲ್ಲಿ ಸಂಧಿವಾತಕ್ಕೆ ಇದೊಂದು ಮುಖ್ಯ ಕಾರಣ.

ಬೆಕ್ಕಿನ ಸರದಿ ಬಂದದ್ದು ಬಹಳ ತಡವಾಗಿ. 2002ರಲ್ಲಿ ಅಮೆರಿಕದ ಸಂಶೋಧಕರು 12 ವರ್ಷ ದಾಟಿದ 100 ಬೆಕ್ಕುಗಳ ಹಳೆಯ ಎಕ್ಸ್-ಕಿರಣ ಚಿತ್ರಗಳನ್ನು ಮತ್ತೆ ನೋಡಿದರು. 90 ಬೆಕ್ಕುಗಳಲ್ಲಿ ಕೀಲು ಸವೆತದ ಗುರುತುಗಳಿದ್ದವು! ಇಷ್ಟು ದಿನ ಅದು ಕಣ್ಣಿಗೆ ಬೀಳದಿದ್ದುದೇಕೆ? ಬೆಕ್ಕಿನಲ್ಲಿ ಹೆಚ್ಚಾಗಿ ಎರಡೂ ಕಡೆಯ ಕೀಲುಗಳು ಕೆಡುತ್ತವೆ. ಒಂದು ಕಾಲು ನೋಯುವ ಪ್ರಾಣಿ ಕುಂಟುತ್ತದೆ. ಎರಡೂ ನೋಯುವ ಪ್ರಾಣಿ ಓಡಾಟವನ್ನೇ ಕಡಿಮೆ ಮಾಡುತ್ತದೆ. ಇನ್ನೊಂದು ಮಾತು: ಎಕ್ಸ್-ಕಿರಣ ಮೂಳೆಯನ್ನು ತೋರಿಸುತ್ತದೆ, ನೋವನ್ನಲ್ಲ. ಆದ್ದರಿಂದ ಮನೆಯವರ ಕಣ್ಣು ಇಂದಿಗೂ ಬೇಕು.

ನೀವು ಗಮನಿಸಬೇಕಾದದ್ದು

ನಾಯಿ ಮಲಗಿ ಏಳಲು ತಿಣುಕುತ್ತದೆಯೇ? ಮೆಟ್ಟಿಲ ಮುಂದೆ ಹಿಂಜರಿಯುತ್ತದೆಯೇ? ಕುರಿಮಂದೆಯ ನಾಯಿ ಹಿಂದೆ ಬೀಳುತ್ತದೆಯೇ? ಬೆಕ್ಕು ಒಂದೇ ನೆಗೆತಕ್ಕೆ ಏರುತ್ತಿದ್ದ ಗೋಡೆಯನ್ನು ಎರಡು ಹಂತದಲ್ಲಿ ಏರುತ್ತದೆಯೇ? ಬೆನ್ನಿನ ಕೂದಲನ್ನು ನೆಕ್ಕಿಕೊಳ್ಳದೆ ಗಂಟು ಬಿಟ್ಟಿದೆಯೇ? ಮುಟ್ಟಿದರೆ ಸಿಡಿಯುತ್ತದೆಯೇ? ಮೊಬೈಲಿನಲ್ಲಿ ಚಿತ್ರೀಕರಿಸಿ ದನದ ಆಸ್ಪತ್ರೆಯ ವೈದ್ಯರಿಗೆ ತೋರಿಸಿ. ಕೊಳವೆಬಾವಿ ನೀರನ್ನೂ ಪರೀಕ್ಷೆ ಮಾಡಿಸಿ. ಅದನ್ನು ನೀವೂ ಕುಡಿಯುತ್ತೀರಿ.

ಮನೆಯಲ್ಲೇ ಮಾಡಬಹುದಾದ ದೊಡ್ಡ ಉಪಕಾರವೆಂದರೆ ತೂಕ ಏರದಂತೆ ನೋಡಿಕೊಳ್ಳುವುದು. 48 ಲ್ಯಾಬ್ರಡಾರ್ ನಾಯಿಗಳನ್ನು ಹುಟ್ಟಿನಿಂದ ಸಾಯುವವರೆಗೆ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಶೇ. 25ರಷ್ಟು ಕಡಿಮೆ ತಿಂದ ನಾಯಿಗಳಿಗೆ ಸಂಧಿವಾತ ತಡವಾಗಿ ಬಂತು. ಅವು ಸುಮಾರು 1.8 ವರ್ಷ ಹೆಚ್ಚು ಬದುಕಿದವು.

ಆದರೆ ನಿಮ್ಮ ಮಾತ್ರೆಯನ್ನು ಅವಕ್ಕೆ ಕೊಡಬೇಡಿ. ಪ್ಯಾರಸಿಟಮಾಲನ್ನು ಬೆಕ್ಕಿನ ಯಕೃತ್ತು ನಮ್ಮಂತೆ ವಿಲೇವಾರಿ ಮಾಡಲಾರದು. ಒಂದೇ ಮಾತ್ರೆ ಅದನ್ನು ಕೊಲ್ಲಬಲ್ಲದು. ದನಗಳ ನೋವಿಗೆ ಕೊಟ್ಟ ಡೈಕ್ಲೋಫೆನಾಕ್, ಅವುಗಳ ಹೆಣ ತಿಂದ ರಣಹದ್ದುಗಳನ್ನು ಲಕ್ಷಗಟ್ಟಲೆ ಕೊಂದಿತು. 2006ರಲ್ಲಿ ಭಾರತ ಅದರ ಪಶು ಬಳಕೆಯನ್ನು ನಿಷೇಧಿಸಿತು. ಒಂದು ಪ್ರಾಣಿಗೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ಕೀಲುನೋವನ್ನು ಗುರುತಿಸುವ ಕೆಲಸ ನಿಮ್ಮದು, ಔಷಧಿ ಆರಿಸುವ ಕೆಲಸ ಪಶುವೈದ್ಯರದು.