ಕರಿನೀರಿನ ಶಿಕ್ಷೆಗೆ ಒಳಗಾದ ಪೂರ್ವಜರ ಶೋಧ

‘ಮುತ್ತಜ್ಜನ ಅಣ್ಣನನ್ನು ಕರಿನೀರಿಗೆ ಕಳುಹಿಸಿದರಂತೆ’ ಎಂಬ ಒಂದೇ ಮಾತು ಉಳಿದಿರುವ ಮನೆತನಗಳು ನಮ್ಮ ಗಡಿನಾಡಿನಲ್ಲಿರಬಹುದು. ಅಂಥವರ ಜಾಡನ್ನು ಹಿಡಿಯುವ ಬಗೆಯನ್ನು ನಾವಿಲ್ಲಿ ವಿವರಿಸುತ್ತೇವೆ.

ಮೊದಲು ಕಾಲವನ್ನು ನಿರ್ಧರಿಸಬೇಕು. ಅಂಡಮಾನಿನ ಬಂದಿನೆಲೆ ಆರಂಭವಾದುದು 1858ರ ಮಾರ್ಚ್‌ನಲ್ಲಿ. ಅದಕ್ಕೂ ಹಿಂದಿನ ಕೈದಿಗಳನ್ನು ಬೆಂಕುಲೆನ್, ಪೆನಾಂಗ್ ಮೊದಲಾದೆಡೆಗಳಿಗೂ 1825ರಿಂದ ಸಿಂಗಾಪುರಕ್ಕೂ ಸಾಗಿಸುತ್ತಿದ್ದರು. ಸಿಂಗಾಪುರದ ನೆಲೆ 1873ರಲ್ಲಿ ಮುಚ್ಚಿತು. ಸೆಲ್ಯುಲರ್ ಜೈಲು ಪೂರ್ಣಗೊಂಡುದು 1906ರಲ್ಲಿ; ಅಲ್ಲಿನ ಫಲಕಗಳಲ್ಲಿರುವುದು ರಾಜಕೀಯ ಕೈದಿಗಳ ಹೆಸರು. ಕರಿನೀರಿಗೆ ಹೋದವರಲ್ಲಿ ಹೆಚ್ಚಿನವರು ಸಾಮಾನ್ಯ ಅಪರಾಧಿಗಳಾಗಿದ್ದುದರಿಂದ, ಫಲಕದಲ್ಲಿ ಹೆಸರಿಲ್ಲವೆಂದು ಶೋಧವನ್ನು ಕೈಬಿಡಬಾರದು.

ಎರಡನೆಯದಾಗಿ, ಇಂದಿನ ಗಡಿಯನ್ನು ಮರೆತು ಅಂದಿನ ಗಡಿಯನ್ನು ಅನುಸರಿಸಬೇಕು. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೂ ವಯನಾಡು ಮಲಬಾರಿನಲ್ಲಿಯೂ ಹೊಸೂರು ಸೇಲಂನಲ್ಲಿಯೂ ಆದೋನಿ, ರಾಯದುರ್ಗಗಳು ಬಳ್ಳಾರಿಯಲ್ಲಿಯೂ ಇದ್ದವು; ಇವೆಲ್ಲವೂ ಮದರಾಸು ಪ್ರಾಂತಕ್ಕೆ ಸೇರಿದ್ದವು. ಆದ್ದರಿಂದ ಇಲ್ಲಿಯವರು ಮೊದಲು ನೋಡಬೇಕಾದುದು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದ ನ್ಯಾಯ ಇಲಾಖೆಯ ಕಡತಗಳನ್ನು. ಸೊಲ್ಲಾಪುರದವರಿಗೆ ಮುಂಬಯಿಯ ಮಹಾರಾಷ್ಟ್ರ ಪತ್ರಾಗಾರವೇ ಆಧಾರ. ಅಲ್ಲಿನ ಹಳೆಯ ಕಾಗದಗಳು ಮೋಡಿ ಲಿಪಿಯಲ್ಲಿಯೂ ಇರುತ್ತವೆ. ಅಕ್ಕಲಕೋಟೆ, ಜತ್ತ ಅಂದು ಸಂಸ್ಥಾನಗಳಾಗಿದ್ದುದರಿಂದ ಸಂಸ್ಥಾನದ ದಾಖಲೆಗಳನ್ನೂ ವಿಚಾರಿಸಬೇಕು. ಅಂಡಮಾನಿನ ಆಡಳಿತದ ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಗೃಹ ಇಲಾಖೆಯ ಪೋರ್ಟ್ ಬ್ಲೇರ್ ವಿಭಾಗದಲ್ಲಿವೆ. ‘ಅಭಿಲೇಖ ಪಟಲ’ ಜಾಲತಾಣದಲ್ಲಿ ಅವುಗಳ ಸೂಚಿಯನ್ನು ಮನೆಯಿಂದಲೇ ನೋಡಬಹುದು.

ಹೆಸರೊಂದನ್ನೇ ನಂಬಿದರೆ ಸಾಲದು. ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುದರಿಂದ ‘ಈರಪ್ಪ’, ‘ವೀರಪ್ಪ’ ಎರಡನ್ನೂ ಹುಡುಕಬೇಕು. ತಂದೆಯ ಹೆಸರು, ಊರು, ತಾಲ್ಲೂಕು, ಶಿಕ್ಷೆಯ ವರ್ಷಗಳನ್ನು ಹೊಂದಿಸಿ ನೋಡಬೇಕು. ಕೈದಿಯ ಸಂಖ್ಯೆ ದೊರೆತರೆ ಮುಂದಿನ ದಾರಿ ಸುಗಮ. ಅಂಡಮಾನಿನಲ್ಲಿ ಕೈದಿಯ ಕೊರಳಿಗೆ ಕಟ್ಟುತ್ತಿದ್ದ ಮರದ ಬಿಲ್ಲೆಯ ಮೇಲೆ ಆ ಸಂಖ್ಯೆಯೂ ಶಿಕ್ಷೆಯ ವಿವರವೂ ಇರುತ್ತಿತ್ತು.

‘ಮರಳಿ ಬರಲಿಲ್ಲ’ ಎಂದರೆ ‘ಸತ್ತರು’ ಎಂದೇ ಅರ್ಥವಲ್ಲ. ಹಲವು ವರ್ಷ ಸನ್ನಡತೆ ತೋರಿದವರಿಗೆ ಅಲ್ಲಿಯೇ ಬೇಸಾಯ ಮಾಡಿ ಸಂಸಾರ ಹೂಡಲು ಅನುಮತಿ ದೊರೆಯುತ್ತಿತ್ತು. ಅವರ ಸಂತತಿ ಇಂದಿಗೂ ಆ ದ್ವೀಪಗಳಲ್ಲಿದೆ.

ಕಡತದಲ್ಲಿ ಬಂಡಾಯವೂ ಇರಬಹುದು, ಕೊಲೆಯೂ ಇರಬಹುದು. ದಾಖಲೆಯಿಲ್ಲದೆ ಅವರನ್ನು ವೀರರೆನ್ನುವುದೂ ನಾಚಿಕೆಯಿಂದ ವಂಶಾವಳಿಯಿಂದ ಅಳಿಸುವುದೂ ಸಲ್ಲದು. ಮಕ್ಕಳು ಹಿರಿಯರನ್ನು ಕೇಳಿ, ಅವರು ಹೇಳಿದುದನ್ನು ದಿನಾಂಕಸಹಿತ ಕನ್ನಡದಲ್ಲಿ ಬರೆದಿಡಲಿ. ಶೋಧ ಆರಂಭವಾಗುವುದು ಆ ಪುಟದಿಂದಲೇ.