ಯಶೋಧರ ಕಥೆಯ ಪುನರ್ನಿರೂಪಣೆಯೂ ಪ್ರಕ್ಷೇಪದ ಪ್ರಶ್ನೆಯೂ

ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪಹಿಂಸೆಯಿಂದ ತಾಯಿಮಕ್ಕಳು ತಿರ್ಯಗ್ಗತಿಯಲ್ಲಿ ತೊಳಲಿದ ಯಶೋಧರನ ಕಥೆಯು ಜೈನಕವಿಗಳು ಮತ್ತೆ ಮತ್ತೆ ಹೇಳಿದ ಕಥೆಗಳಲ್ಲಿ ಅಗ್ರಗಣ್ಯವಾದುದು. 8ನೆಯ ಶತಮಾನದ ಹರಿಭದ್ರಸೂರಿಯ ಪ್ರಾಕೃತ ‘ಸಮರಾಇಚ್ಚಕಹಾ’ದಲ್ಲಿ ಅದು ಉಪಕಥೆ. ಸೋಮದೇವಸೂರಿಯು 959ರಲ್ಲಿ ಅದನ್ನು ‘ಯಶಸ್ತಿಲಕಚಂಪು’ವಾಗಿ ಬೆಳೆಸಿದನು, ಅದೇ ಶತಮಾನದಲ್ಲಿ ಮಾನ್ಯಖೇಟದ ಪುಷ್ಪದಂತನು ಅಪಭ್ರಂಶದಲ್ಲಿ ‘ಜಸಹರಚರಿಉ’ ರಚಿಸಿದನು. 11ನೆಯ ಶತಮಾನದಲ್ಲಿ ವಾದಿರಾಜನೂ 1209ರಲ್ಲಿ ಜನ್ನನೂ ಅದೇ ಕಥೆಯನ್ನು ಕೈಗೆತ್ತಿಕೊಂಡರು. ಕೇಳುವವರಿಗೆಲ್ಲ ತಿಳಿದಿದ್ದ ಕಥೆಯನ್ನು ಹೊಸದಾಗಿ ಹೇಳಲು ಕವಿಗೆ ಎಡೆ ಎಲ್ಲಿ ದೊರೆಯಿತು? ಇದಕ್ಕೆ ಸ್ಪಷ್ಟವಾದ ಉತ್ತರವನ್ನು ಕೊಡುವುದು ಮಹಾಕವಿಗಳ ಪೀಠಿಕೆಯಲ್ಲ, ಒಂದು ಪ್ರಕ್ಷೇಪ.

‘ಜಸಹರಚರಿಉ’ವನ್ನು 1931ರಲ್ಲಿ ಸಂಪಾದಿಸಿದ ಪಿ. ಎಲ್. ವೈದ್ಯರು, ಅದರ ಮೂರು ಭಾಗಗಳು ಪುಷ್ಪದಂತನವಲ್ಲವೆಂದು ತೋರಿಸಿದರು. ಅವನ್ನು ಸೇರಿಸಿದವನು ಗಂಧರ್ವನೆಂಬ ಕವಿ. ಕಾಲ ವಿಕ್ರಮ ಸಂವತ್ 1365, ಎಂದರೆ ಕ್ರಿ.ಶ. 1308; ಸ್ಥಳ ಯೋಗಿನೀಪುರ, ಅಂದರೆ ದಿಲ್ಲಿ. ಇದೆಲ್ಲವನ್ನೂ ಅವನೇ ಕಾವ್ಯದೊಳಗೆ ಹೇಳಿಕೊಂಡಿದ್ದಾನೆ. (ಪ್ರಕ್ಷೇಪಕಾರರಲ್ಲಿ ಇಂತಹ ಪ್ರಾಮಾಣಿಕತೆ ಅಪರೂಪ.) ಬೀಸಲ ಸಾಹು ಎಂಬ ಶ್ರಾವಕನು ಪುಷ್ಪದಂತನ ಕಾವ್ಯದಲ್ಲಿ ಮೂರು ಸಂಗತಿಗಳನ್ನು ಸೇರಿಸಬೇಕೆಂದು ಕೇಳಿದನು: ರಾಜನಿಗೂ ಕೌಲಾಚಾರ್ಯನಿಗೂ ನಡೆದ ಪ್ರಸಂಗ, ಯಶೋಧರನ ವಿವಾಹ, ಭವಾಂತರಗಳ ವಿವರ. ಗಂಧರ್ವನು ಇವನ್ನು ತನ್ನ ಕಲ್ಪನೆಯಿಂದಲೇ ಹೆಣೆಯಲಿಲ್ಲ. ವಾಸವಸೇನನೇ ಮೊದಲಾದ ಹಿಂದಿನ ಕವಿಗಳನ್ನು ನೋಡಿ ಬರೆದನು. ರಾಜನನ್ನು ಬಲಿಗೆ ಪ್ರೇರಿಸಿದವರು ಯಾರು, ಮುಂದೆ ದ್ರೋಹವೆಸಗುವ ರಾಣಿ ಹೇಗೆ ಮನೆತುಂಬಿದಳು, ಸತ್ತವರು ಯಾವ ಯಾವ ಯೋನಿಗಳಲ್ಲಿ ಹುಟ್ಟಿದರು—ಶ್ರೋತೃವಿನ ಈ ಪ್ರಶ್ನೆಗಳೇ ಪುನರ್ನಿರೂಪಣೆಯ ಬೀಜಗಳಾದುವು.

ಗ್ರಂಥಸಂಪಾದಕನು ಪುಷ್ಪದಂತನ ಮೂಲಪಾಠವನ್ನು ಅರಸುವಾಗ ಈ ಭಾಗಗಳನ್ನು ಬೇರ್ಪಡಿಸುವುದು ನ್ಯಾಯವೇ ಸರಿ. ಆದರೆ ಕಥೆಯ ಇತಿಹಾಸವನ್ನು ಬರೆಯುವವನು ಅವನ್ನು ಕಸವೆಂದು ತಳ್ಳುವುದು ಯುಕ್ತವಲ್ಲ. ಒಂದು ಕಾವ್ಯವು 300ಕ್ಕೂ ಹೆಚ್ಚು ವರ್ಷಗಳ ಬಳಿಕ ದೂರದ ನಗರವೊಂದರಲ್ಲಿ ಯಾವ ಕೊರತೆಯಿಂದ ಕೂಡಿದಂತೆ ಕೇಳಿಸಿತು ಎಂಬುದಕ್ಕೆ ದಿನಾಂಕಸಹಿತವಾದ ಇಂತಹ ಸಾಕ್ಷ್ಯ ಸುಲಭವಾಗಿ ಸಿಗುವುದಿಲ್ಲ. ಕನ್ನಡದ ಓಲೆಪ್ರತಿಗಳಲ್ಲಿ ಕಂಡುಬರುವ ಅಧಿಕ ಪದ್ಯಗಳನ್ನೂ ಈ ದೃಷ್ಟಿಯಿಂದ ನೋಡಬೇಕು. ಪಾಠಾಂತರ ಸೂಚಿಯಲ್ಲಿ ಸಂಖ್ಯೆಯನ್ನಷ್ಟೇ ಕೊಟ್ಟು ಮುಗಿಸಿದರೆ ಸಾಲದು.

ಇತರ ಕವಿಗಳು ಇದೇ ಎಡೆಗಳನ್ನು ಸಹಿ ಹಾಕದೆ ತುಂಬಿದರು. ಸೋಮದೇವನಿಗೆ ಕಥೆ ಧರ್ಮವಿಚಾರಕ್ಕೆ ಆಧಾರ. ಎಂಟು ಆಶ್ವಾಸಗಳಲ್ಲಿ ಕೊನೆಯ ಮೂರು ಶ್ರಾವಕಾಚಾರಕ್ಕೇ ಮೀಸಲು. ವಾದಿರಾಜನ ನಾಲ್ಕು ಸರ್ಗಗಳ ಜಾಡನ್ನು ಹಿಡಿದ ಜನ್ನನು ನಾಲ್ಕು ಅವತಾರಗಳಲ್ಲಿ ಕಥೆಯನ್ನು ಬಿಗಿಗೊಳಿಸಿದನು. ಹರಿಭದ್ರನಲ್ಲಿ ರಾಣಿಯ ಜಾರನು ಗೂನುಬೆನ್ನಿನ ಕಾವಲುಗಾರ. ಜನ್ನನಲ್ಲಿ ಅವನು ವಿರೂಪಿಯಾದ ಮಾವುತ, ರಾಣಿಯನ್ನು ಸೆಳೆದುದು ಇರುಳಿನ ಅವನ ಗಾನ. ಪಾಪವನ್ನು ಖಂಡಿಸುತ್ತಲೇ ಅದರ ಮನೋಧರ್ಮವನ್ನು ತೋರಿಸಲು ಆ ಹಾಡೊಂದೇ ಸಾಕಾಯಿತು.

ಗಿರೀಶ ಕಾರ್ನಾಡರು 1980ರ ‘ಹಿಟ್ಟಿನ ಹುಂಜ’ ನಾಟಕದಲ್ಲಿ ಹಿಡಿದುದೂ ಆ ಹಾಡನ್ನೇ. ಭವಾವಳಿಯನ್ನು ಮಾತ್ರ ಅವರು ಸಂಪೂರ್ಣವಾಗಿ ಕೈಬಿಟ್ಟರು. ಜೈನ ಓದುಗನಿಗೆ ಇದು ಕಥೆಯ ತಿರುಳನ್ನೇ ತೆಗೆದಂತೆ ತೋರಬಹುದು, ತೋರಿದರೆ ತಪ್ಪೂ ಅಲ್ಲ. ಬೀಸಲ ಸಾಹು ಇನ್ನೂ ವಿಸ್ತಾರವಾಗಿ ಬೇಕೆಂದು ಬರೆಯಿಸಿಕೊಂಡ ಮೂರನೆಯ ಭಾಗ ಆ ಭವಾಂತರಗಳದೇ ಆಗಿತ್ತು.