ಬಯಲಲ್ಲಿ ಕಾದು ಕೇಳುವ ರೂಢಿ

2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಬ್ರಿಟನ್ನಿನ ಹೆವಿ ಮೆಟಲ್ ತಂಡ ಐರನ್ ಮೇಡನ್ ಭಾರತದ ತನ್ನ ಮೊದಲ ಕಛೇರಿ ಕೊಟ್ಟಿತು. ಬಿಸಿಲಲ್ಲಿ ಕಾದುನಿಂತ ಅಭಿಮಾನಿಗಳದು ಬರೀ ಪಶ್ಚಿಮದ ಅನುಕರಣೆ ಎಂಬ ಮಾತನ್ನು ನಾನು ಒಪ್ಪಲಾರೆ. ಬಯಲಲ್ಲಿ ಕಾದು ಕೇಳುವ ರೂಢಿ ನಮ್ಮಲ್ಲೂ ಇತ್ತು: ಹಾಸನ, ಚನ್ನರಾಯಪಟ್ಟಣ ಸೀಮೆಯ ಮೂಡಲಪಾಯ ಯಕ್ಷಗಾನವೂ ಬಯಲಿನದೇ. ಸುಗ್ಗಿ ಮುಗಿದ ಮೇಲೆ ಊರ ರೈತರೇ ವೇಷ ಕಟ್ಟಿ, ಮುಖವೀಣೆಯ ಚೂಪು ದನಿಗೂ ಮದ್ದಳೆಯ ಪೆಟ್ಟಿಗೂ ಬೆಳಗಿನ ತನಕ ಕುಣಿಯುತ್ತಿದ್ದರು, ನೋಡುವವರೂ ಕದಲುತ್ತಿರಲಿಲ್ಲ. ಅದು ದೇವರ ಸೇವೆ, ಕಲಾವಿದನ ಮೇಲಿನ ಮೋಹವಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವನ್ನು ನೋಡಿ: ಕಾವೇರಿ ದಂಡೆಯ ಈ ಹಳ್ಳಿಯಲ್ಲಿ ಗಾಯಕ ಆರ್.ಕೆ. ಪದ್ಮನಾಭ ಕಟ್ಟಿ ಬೆಳೆಸಿದ ಸಂಗೀತೋತ್ಸವದಲ್ಲಿ ಭಕ್ತಿಯೂ ಗಾಯಕರ ಮೇಲಿನ ಅಕ್ಕರೆಯೂ ಒಂದೇ ಚಪ್ಪರದಡಿ ಕೂರುತ್ತವೆ.